ಹೆಬ್ಬಾವಿಗೆ ವರ ನೋಡಿದ್ದು

ಮೆಣಸಿನಕಾಯಿ ವ್ಯಾಪಾರದಲ್ಲಿ ಬಹಳ ವರ್ಷ ಕಳೆದವನ ಕಣ್ಣಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಯಾವ ವಸ್ತು ಕಂಡರೂ ಗುಣ ಬಿಟ್ಟು ಮೊದಲು ಬಣ್ಣ ನೋಡುವುದು. ಅಮರಗೋಳದ ಮಾರ್ಕೆಟ್ಟಿನಲ್ಲಿ ನನ್ನದೊಂದು ದಲಾಲಿ ಅಂಗಡಿ ಇದೆ. ಚೀಲದ ಬಾಯಿ ಬಿಚ್ಚಿದರೆ ಸಾಕು, ಇದರ ಕೆಂಪು ಎಂಥದು, ಇದಕ್ಕೆ ಇವತ್ತು ಯಾವ ದರ ಸಿಕ್ಕೀತು ಅಂತ ಹೇಳಬಲ್ಲೆ. ಈ ವಿದ್ಯೆ ಚೀಲದ ಬಾಯಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಬಂಧುಗಳ ಮದುವೆಗೆ ಹೋದರೂ ಅಕ್ಕಿಕಾಳು ಕೈಯಲ್ಲಿ ಹಿಡಿದು, ಇದಕ್ಕೆ ಅರಿಷಿಣ ಸರಿಯಾಗಿ ಹತ್ತಿಲ್ಲ ಅಂತ ಪಕ್ಕದವರಿಗೆ ಹೇಳುತ್ತ ಕೂತಿರುತ್ತೇನೆ. ಅಷ್ಟರಲ್ಲಿ ತಾಳಿ ಕಟ್ಟಿ ಮುಗಿದಿರುತ್ತದೆ. ಇಂಥ ಕಣ್ಣಿನವನು ಗಿಳಿಯನ್ನೋ ಬಣ್ಣದ ಮೀನನ್ನೋ ಸಾಕಿದ್ದರೆ ಮನೆಯವರು ಸುಮ್ಮನಿರುತ್ತಿದ್ದರು. ನಾನು ಸಾಕಿದ್ದು ಹೆಬ್ಬಾವು.

ಗಾಬರಿಯಾಗಬೇಡಿ. ಇದು ಕುರಿ ನುಂಗುವ ಹೆಬ್ಬಾವಲ್ಲ. ಆಫ್ರಿಕದ ಬಾಲ್ ಪೈಥಾನ್. ಎರಡು ಮೂರು ಮೊಳದ ಸಾಧು ಪ್ರಾಣಿ, ವಿಷವಿಲ್ಲ, ಸರಕಾರಕ್ಕೆ ತಿಳಿಸಿಯೇ ಸಾಕಿದ್ದೇನೆ. ಹೆದರಿದರೆ ತಲೆಯನ್ನು ಒಳಗಿಟ್ಟುಕೊಂಡು ಚೆಂಡಿನ ಹಾಗೆ ಸುತ್ತಿಕೊಂಡು ಬಿಡುತ್ತದೆ. ತೆರಿಗೆಯವರ ನೋಟಿಸು ಬಂದಾಗ ನಾನೂ ಹಾಗೇ ಮಾಡುತ್ತೇನೆ. ತೊಡಕು ಇದ್ದದ್ದು ಬೇರೆ ಕಡೆ. ಬೆಂಗೇರಿಯ ನಮ್ಮ ಮನೆಯ ಹೊಸ್ತಿಲನ್ನು ಇಂದಿನವರೆಗೆ ಒಂದು ಕೋಳಿಮೊಟ್ಟೆ ದಾಟಿಲ್ಲ. ಅಂಥ ಮನೆಯಲ್ಲಿ ಇಲಿ ತಿನ್ನುವ ಪ್ರಾಣಿ! ಅವ್ವ ಮೊದಲ ವಾರ ನನ್ನ ಜೊತೆ ಮಾತು ಬಿಟ್ಟಳು. ಆಮೇಲೆ ಹೊರಗಿನ ಮೆಟ್ಟಿಲಿರುವ ಮಹಡಿಯ ಕೋಣೆಯನ್ನು ನನ್ನ ಹಾವುಗಳಿಗೆ ಬಿಟ್ಟುಕೊಟ್ಟು, ಕೆಳಗೆ ಅವುಗಳ ಊಟದ ಸುದ್ದಿ ಎತ್ತಬಾರದೆಂದು ಕಟ್ಟುಮಾಡಿದಳು. ಅವಳ ಮನಸ್ಸು ಕರಗಿಸಿದ್ದು ಹಾವುಗಳೇ. ಈ ಜಾತಿ ಮನಸ್ಸು ಬಂದರೆ ತಿಂಗಳುಗಟ್ಟಲೆ ಏನೂ ತಿನ್ನುವುದಿಲ್ಲ. ಒಂದು ಶ್ರಾವಣದಲ್ಲಿ ಅವು ಬಾಯಿಯೇ ತೆರೆಯದಿದ್ದಾಗ ಅವ್ವನಿಗೆ ಗೌರವ ಹುಟ್ಟಿಬಿಟ್ಟಿತು. "ನೋಡು, ಮೂಕ ಪ್ರಾಣಿ ಇಡೀ ತಿಂಗಳ ಉಪವಾಸ ಮಾಡತೈತಿ. ನಿನಗ ಒಂದ್ ಸೋಮವಾರ ಹಿಡಿಯಾಕ ಆಗೂದಿಲ್ಲ," ಅಂದಳು. ಆವತ್ತು ಸೋಮವಾರ, ನನ್ನ ಕೈಯಲ್ಲಿ ಮಿರ್ಚಿ ಭಜಿ ಇತ್ತು.

ನನ್ನ ಆಸೆ ಒಂದೇ: ನನ್ನ ಮನೆಯಲ್ಲಿ ಬಂಗಾರದ ಬಣ್ಣದ ಮರಿ ಹುಟ್ಟಬೇಕು. ಇದಕ್ಕಾಗಿ ರಾಜಾ ಎಂಬ ಹಳದಿ ಗಂಡು ತಂದು ಒಂದು ಕಂದು ಹೆಣ್ಣಿನ ಜೊತೆ ಬಿಟ್ಟೆ. ಮರಿಗಳೆಲ್ಲ ಕಂದು. ತಿಳಿದವರನ್ನು ವಿಚಾರಿಸಿದರೆ, ಹಳದಿ ಎಲ್ಲಿಯೂ ಹೋಗಿಲ್ಲ, ಮರಿಗಳ ಒಳಗೆ ಅಡಗಿದೆ, ಅವುಗಳಲ್ಲೊಂದು ಹೆಣ್ಣನ್ನು ಬೆಳೆಸಿ ಮತ್ತೆ ಅಪ್ಪನಿಗೇ ಜೋಡಿ ಮಾಡಿದರೆ ಬಣ್ಣ ಹೊರಬರುತ್ತದೆ ಅಂದರು. ಕೆಂಚಿ ಎಂಬ ಮರಿಯನ್ನು ಮೂರು ವರ್ಷ ಬೆಳೆಸಿದೆ. ಈ ಸಲ ಬಂಗಾರ ಬರುತ್ತದೆಂದು ಮಾರ್ಕೆಟ್ಟಿನಲ್ಲೆಲ್ಲ ಡಂಗುರ ಹೊಡೆದೆ. ಅಷ್ಟಕ್ಕೇ ನಿಲ್ಲದೆ ಒಂದು ದಿನ ಊಟಕ್ಕೆ ಕೂತಾಗ ಮನೆಯಲ್ಲೂ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು.

"ಯಾರಿಗೆ ಯಾರ್ನ ಜೋಡಿ ಮಾಡ್ತಿ?"

"ರಾಜಾಗ ಕೆಂಚೀನ."

"ಕೆಂಚಿ ಅವನ ಮಗಳಲ್ಲೇನಲೇ?"

ನಮ್ಮಲ್ಲಿ ಸಂಬಂಧ ಬೆಳೆಸುವ ಮುಂಚೆ ಬೆಡಗು, ಅಂದರೆ ಗೋತ್ರ, ಕೇಳುತ್ತಾರೆ. ಒಂದೇ ಬೆಡಗಿನವರು ಅಣ್ಣತಮ್ಮಂದಿರ ಲೆಕ್ಕ, ಕೊಟ್ಟು ತರುವ ಹಾಗಿಲ್ಲ. ಬೆಡಗು ಕೂಡಿತೆಂದು ಅವ್ವ ಬಿಡಿಸಿದ ಸಂಬಂಧಗಳು ನಮ್ಮ ಓಣಿಯಲ್ಲೇ ಹಲವಿವೆ. "ಹಾವಿಗೆಲ್ಲಿ ಬೆಡಗವ್ವಾ?" ಅಂದೆ. "ಈ ಮನ್ಯಾಗ ಹುಟ್ಟೈತಿಲ್ಲೋ? ಹಂಗಾರ ನಮ್ಮ ಬೆಡಗ. ಹೊರಗಿನ ವರ ನೋಡು," ಅಂದಳು. ಹೆಂಡತಿ ಗಿರಿಜಾಳ ಕಡೆ ನೋಡಿದೆ. ಅವಳು ಬದನೆಕಾಯಿ ಬಡಿಸುತ್ತ, "ಅತ್ತಿಯಾರು ಹೇಳೂದು ಖರೇ ಐತ್ರಿ," ಅಂದಳು. ಮಾರ್ಕೆಟ್ಟಿನವರಿಗೆ ಯಾವ ಮುಖ ತೋರಿಸಲಿ ಅಂತ ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಕೊನೆಗೆ ಧಾರವಾಡದಲ್ಲಿ ಒಬ್ಬರು ಸಿಕ್ಕರು. ನಿವೃತ್ತ ಡ್ರಾಯಿಂಗ್ ಮಾಸ್ತರರು. ಚಿತ್ರ ಬರೆಯುವುದು ಬಿಟ್ಟು ಇದೇ ಹಾವು ಸಾಕುತ್ತಿದ್ದರು. ನಾನು ಹೊರಟರೆ ಅವ್ವನೂ ಇಳಕಲ್ ಸೀರೆ ಉಟ್ಟು ಕಾರಿನಲ್ಲಿ ಕೂತಳು. "ವರ ನೋಡಾಕ ಗಂಡಸ ಒಬ್ಬನ ಹೋಗೂದು ಎಲ್ಯರ ಐತೇನು?" ಮಾಸ್ತರರ ಮನೆಯಲ್ಲಿ ಅವಲಕ್ಕಿ, ಚಹಾ ಆಯಿತು. ಆಮೇಲೆ ಅವರು ಒಂದು ಡಬ್ಬಿಯ ಮುಚ್ಚಳ ತೆಗೆದರು. ನಾನು ಬಗ್ಗಿ ನೋಡಿದೆ. ಜೇನಿನ ಬಣ್ಣದ ಮೈ, ಅದರ ಮೇಲೆ ಕೂದಲೆಳೆಯ ಕಪ್ಪು ಗೆರೆಗಳು. ಇಂಥ ಮಾಲು ನಾನು ಜನ್ಮದಲ್ಲಿ ನೋಡಿರಲಿಲ್ಲ. ಹಳದಿ ಹೋದರೆ ಹೋಗಲಿ, ಮಾರ್ಕೆಟ್ಟಿನವರ ಬಾಯಿ ಮುಚ್ಚಿಸಲು ಇದೇ ಸಾಕು ಅನ್ನಿಸಿತು. "ಇವನ್ನ ಕೊಡ್ರಿ," ಅಂದೆ.

ಅವ್ವ ಕನ್ನಡಕ ಸರಿಮಾಡಿಕೊಂಡಳು. "ಸ್ವಭಾವ ಹೆಂಗ್ರಿ ಮಾಸ್ತರ್ರ?"

"ಭಾಳ ಸಾಧು ಅದಾನ್ರಿ ಅವ್ವಾರ."

"ಊಟ?"

"ಮಾಡ್ತಾನ್ರಿ. ಆದ್ರ ಒಮ್ಮೊಮ್ಮೆ ಗುರಿ ತಪ್ಪತೈತಿ."

"ತಲಿ ಯಾಕ ಹಂಗ ತೂಗಾಡ್ಸಾಕತ್ತಾನ?"

ಆಗ ನಾನೂ ನೋಡಿದೆ. ಹಾವಿನ ತಲೆ ನಿಂತಲ್ಲಿ ನಿಲ್ಲದೆ ಮೆಲ್ಲಗೆ ತಿರುಚಿ ತಿರುಚಿ ಮೇಲಕ್ಕೆ ಹೋಗುತ್ತಿತ್ತು. ಮಾಸ್ತರರು ಸುಳ್ಳು ಹೇಳುವವರಲ್ಲ. ಆ ಚಿತ್ತಾರದ ಬೆನ್ನಿಗೇ ಆ ದೋಷವೂ ಹುಟ್ಟಿನಿಂದ ಬರುತ್ತದೆ, ಮರಿಗಳಲ್ಲಿ ಅರ್ಧದಷ್ಟಕ್ಕೆ ಎರಡೂ ಇಳಿಯುತ್ತವೆ, ಅದಕ್ಕೇ ಇವನಿಗೆ ಜೋಡಿ ಮಾಡುವುದನ್ನೇ ಬಿಟ್ಟಿದ್ದೇನೆ ಅಂದರು. ನನ್ನ ಕಣ್ಣು ಆದರೂ ಆ ಗೆರೆಗಳನ್ನು ಬಿಡಲಿಲ್ಲ. "ಸ್ವಲ್ಪ ತಲಿ ತೂಗಿದ್ರ ಏನಾತವ್ವಾ?" ಅಂತ ಗೊಣಗಿದೆ.

"ನೀ ಬಣ್ಣ ನೋಡಿ ಹಿಗ್ಗತಿ. ಆ ಕೂಸು ಜೀವಮಾನಪೂರ್ತಿ ತಲಿ ತಿರುಗಿಸ್ಕೋತ ಕುಂದರಬೇಕೇನು?" ಅಂದಳು ಅವ್ವ.

ಎಣ್ಣೆ ಸವರಿ ಹೊಳಪು ಬರಿಸಿದ ಮೆಣಸಿನಕಾಯಿ ತಂದವರನ್ನು ಅಂಗಡಿಯಿಂದ ಎಬ್ಬಿಸಿ ಕಳಿಸುವವನು ನಾನು. ಅವತ್ತು ಆ ಮಾಸ್ತರರ ಮುಂದೆ ನನಗೆ ನಿಜವಾಗಿ ನಾಚಿಕೆಯಾಯಿತು. ಅವ್ವ ಅಷ್ಟರಲ್ಲಿ ಮೂಲೆಯ ಡಬ್ಬಿಯಲ್ಲಿದ್ದ ಒಬ್ಬ ಕಂದು ಹುಡುಗನನ್ನು ಒಪ್ಪಿಬಿಟ್ಟಿದ್ದಳು. ತಲೆ ನೆಟ್ಟಗೆ, ನಾಲಿಗೆ ಚುರುಕು, ಇಟ್ಟದ್ದು ಉಣ್ಣುತ್ತಾನೆ. "ಇವನ ತಾಯಿ ಹಳದಿರಿ. ಇವನ ಒಳಗೂ ಹಳದಿ ಐತಿ. ದೈವ ಇದ್ರ ನಾಕರಾಗ ಒಂದ್ ಮರಿ ಬಂಗಾರದ್ದು ಬಂದೀತು," ಎಂದರು ಮಾಸ್ತರರು ನನ್ನ ಮುಖ ನೋಡಿ. ಮರಳಿ ಬರುವಾಗ ಉಣಕಲ್ ದಾಟಿ ಮನೆ ಮುಟ್ಟುವವರೆಗೂ ಅವ್ವ ವರನ ಡಬ್ಬಿಯನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದಳು.

ಕೆಂಚಿ ಆರು ಮೊಟ್ಟೆ ಇಟ್ಟಳು. ಇವು ಹೊಸ್ತಿಲು ದಾಟಿ ಬಂದವಲ್ಲ, ಮನೆಯಲ್ಲೇ ಆದವು ಎಂದು ಅವ್ವ ಈ ಸಲ ತಾನೇ ತೀರ್ಪು ಕೊಟ್ಟುಕೊಂಡು ದಿನಾ ಮಹಡಿ ಹತ್ತಿ ನೋಡಿ ಬರತೊಡಗಿದಳು. ನಾನಂತೂ ಎರಡು ತಿಂಗಳು ಮೆಣಸಿನಕಾಯಿಯ ಕಡೆ ಗಮನವೇ ಕೊಡಲಿಲ್ಲ. ಕಡೆಗೊಂದು ದಿನ ಚಿಪ್ಪು ಸೀಳಿದವು. ಒಂದೊಂದಾಗಿ ಮೂತಿ ಹೊರಬಂದವು. ಆರೂ ಕಂದು. ಅವ್ವ ಒಂದೊಂದರ ತಲೆಯನ್ನೂ ಪರೀಕ್ಷಿಸಿ, "ಎಲ್ಲಾ ನೆಟ್ಟಗ ಅದಾವು, ದೇವರು ದೊಡ್ಡಾವ," ಎಂದು ಕೆಳಗಿಳಿದು ಸಿಹಿಗೆಂದು ಸಜ್ಜಕ ಮಾಡಲು ಹೋದಳು. ನಾನು ಡಬ್ಬಿಯ ಪಕ್ಕ ತಲೆಯ ಮೇಲೆ ಕೈಹೊತ್ತು ಕೂತೆ. ಊಟಕ್ಕೆ ಕರೆಯಲು ಬಂದ ಗಿರಿಜಾ ಸ್ವಲ್ಪ ಹೊತ್ತು ನಿಂತು ನೋಡಿದಳು.

"ಇಷ್ಟ್ಯಾಕ ಬ್ಯಾಸರ ಮಾಡ್ಕೋತೀರಿ? ನಿಮ್ಮನ್ನ ನೋಡಿ ಬಂದ ದಿನ ನಮ್ಮಪ್ಪನೂ ಹಿಂಗ ಅಂದಿದ್ರು. ಹುಡುಗಗ ಬಣ್ಣ ಇಲ್ಲ, ರೂಪ ಇಲ್ಲ. ಆದ್ರ ತಲಿ ನೆಟ್ಟಗ ಐತಿ, ಹಾಕಿದ್ದು ಉಣ್ತಾನ, ಕಡಿಯಂಗಿಲ್ಲ ಅಂತ."

"ಅಷ್ಟಕ್ಕ ನೀ ಹೂಂ ಅಂದ್ಯಾ?"

"ಒಳಗ ಏನರ ಬಣ್ಣ ಇದ್ದೀತು, ಇವತ್ತಿಲ್ಲಾ ನಾಳೆ ಹೊರಗ ಬಂದೀತು ಅಂದ್ಕೊಂಡಿದ್ನಿರಿ."

"ಮತ್ತ, ಬಂತೇನು?"

"ಲಗೂನ ಊಟಕ್ಕ ಬರ್ರಿ, ಆರಿ ಹೋಗತೈತಿ," ಎಂದು ಅವಳು ಮೆಟ್ಟಿಲಿಳಿದಳು.

ಹಿಂದೆಯೇ ಇಳಿದು ಹೋಗಿ ತಾಟಿನ ಮುಂದೆ ಕೂತೆ. ಹಾಗಲಕಾಯಿ ಪಲ್ಯ ಮಾಡಿದ್ದಳು. ನನಗೆ ಅದು ಸೇರುವುದಿಲ್ಲ. ಹಾಕಿದ್ದನ್ನು ಉಂಡೆ.