ಸೀಟು ಸಿಗೋವರೆಗೂ ಕಾಫಿ ಇಲ್ಲ

"ಈ ಸಲ ಎಂಬಿಎ ಎಂಟ್ರೆನ್ಸ್ ಬರೆದೇ ಬರೀತೀನಿ! ಸೀಟು ತಗೊಂಡೇ ತಗೋತೀನಿ! ಆ ಆಶ್ರಿತ್ ಬಂದು ನನ್ನ ಹತ್ರ ಐಡಿಯಾ ಕೇಳ್ಬೇಕು, ಹಾಗ್ಮಾಡ್ತೀನಿ!"

ಜಯನಗರದ ಮನೆಯ ಊಟದ ಮೇಜಿನ ಮುಂದೆ ನಿಂತು ಸೇತುರಾಮ ಈ ಭೀಷ್ಮಪ್ರತಿಜ್ಞೆ ಮಾಡಿದಾಗ ಅವನಿಗೆ ವಯಸ್ಸು ನಲವತ್ತರ ಹೊಸ್ತಿಲಲ್ಲಿತ್ತು. ಆಶ್ರಿತ್ ಎಂದರೆ ಅವನ ಆಫೀಸಿಗೆ ಹೊಸದಾಗಿ ಬಂದ ಮ್ಯಾನೇಜರ್. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ, ಎಂಬಿಎ ಮಾತ್ರ ಬಂದುಬಿಟ್ಟಿದೆ! ಆ ಹುಡುಗ ಮೀಟಿಂಗಿನಲ್ಲಿ ನಗುನಗುತ್ತಲೇ, "ಸಾರ್, ಮುಂದಿನ ವರ್ಷ ಟೀಮ್ ಚಿಕ್ಕದಾಗುತ್ತೆ. ನೀವೂ ಸ್ವಲ್ಪ ಅಪ್‌ಗ್ರೇಡ್ ಆಗ್ಬೇಕು" ಎಂದಿದ್ದ. ಅಂದಿನಿಂದ ಸೇತುರಾಮನಿಗೆ ಅನ್ನ ಸೇರುತ್ತಿರಲಿಲ್ಲ. ಕೆಲಸ ಹೋದರೆ ಗತಿಯೇನು ಎಂದು ಒಳಗೊಳಗೇ ನಡುಗುತ್ತಿದ್ದ.

ಅದೇ ನಡುಕದಲ್ಲಿ ಫೋರ್ತ್ ಬ್ಲಾಕಿಗೆ ಹೋಗಿ ಒಂದು ಗೈಡ್ ಕೊಂಡು ತಂದ. ದಿಂಬಿಗಿಂತ ದಪ್ಪ! ತೆರೆದರೆ ಮೊದಲ ಲೆಕ್ಕವೇ ನೀರಿನ ತೊಟ್ಟಿಯದು. ಒಂದು ನಲ್ಲಿ ತುಂಬಿಸುತ್ತದೆ, ಇನ್ನೊಂದು ಖಾಲಿ ಮಾಡುತ್ತದೆ, ತೊಟ್ಟಿ ಯಾವಾಗ ತುಂಬುತ್ತದೆ? ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ಮನೆಯವನಿಗೆ ಇದೆಂಥ ಕ್ರೂರ ಪ್ರಶ್ನೆ! ಹೈಸ್ಕೂಲಿನ ಗಣಿತದ ಮೇಷ್ಟ್ರು ಬೆನ್ನ ಹಿಂದೆಯೇ ನಿಂತಂತಾಯಿತು. ಸೇತುರಾಮ ಪುಸ್ತಕವನ್ನು ಪಟ್ಟನೆ ಮುಚ್ಚಿದ.

"ಮೊದಲು ಪ್ಲಾನ್! ಪ್ಲಾನ್ ಇಲ್ದೆ ಓದೋದು ಅಂದ್ರೆ ಪಾಯ ಇಲ್ದೆ ಮನೆ ಕಟ್ಟಿದ ಹಾಗೆ" ಎಂದು ಹೆಂಡತಿ ಹೇಮಶ್ರೀಗೆ ಉಪದೇಶ ಮಾಡಿ, ಗೋಡೆಯಗಲದ ಚಾರ್ಟು ಹಾಸಿಕೊಂಡು ಕೂತ. "ನೋಡು, ಹಸಿರು ಗಣಿತಕ್ಕೆ, ನೀಲಿ ಇಂಗ್ಲಿಷ್‌ಗೆ, ಕೆಂಪು ರಿವಿಷನ್‌ಗೆ."

"ಓದೋದಕ್ಕೆ ಯಾವ ಬಣ್ಣ ರೀ?"

ಇಂಥ ಕ್ಷುದ್ರ ಪ್ರಶ್ನೆಗಳಿಗೆಲ್ಲ ಸೇತುರಾಮ ಉತ್ತರ ಕೊಡುವವನಲ್ಲ. ಅಷ್ಟರಲ್ಲಿ ಅವನ ತಾಯಿ ಅಮ್ಮಣ್ಣಿಯವರು ಪಂಚಾಂಗ ಹಿಡಿದು ಬಂದರು. "ಆಷಾಢ ಕಣೋ. ಈಗ ಶುರು ಮಾಡ್ಬೇಡ."

ಜನ್ಮದಲ್ಲಿ ರಾಹುಕಾಲ ನೋಡದಿದ್ದ ಸೇತುರಾಮ ಅವತ್ತು ಅಮ್ಮನ ಕಾಲಿಗೆ ಬೀಳುವುದೊಂದು ಬಾಕಿ. ಆಷಾಢ ಕಳೆಯಿತು. ಶ್ರಾವಣದಲ್ಲಿ ವರಮಹಾಲಕ್ಷ್ಮಿಗೆ ನೆಂಟರು ತುಂಬಿದರು. ಆಮೇಲೆ ಗಣೇಶ ಬಂದು ಕೂತ, ಎದುರಿಗೆ ಕಡುಬು ಇರುವಾಗ ಗಣಿತ ಯಾರು ಮುಟ್ಟುತ್ತಾರೆ? ಗಣೇಶನನ್ನು ಬಿಟ್ಟು ಬರುವಷ್ಟರಲ್ಲಿ ಪಿತೃಪಕ್ಷ!

"ಅಮ್ಮಾ, ಅರ್ಜಿ ಹಾಕೋದೂ ಹೊಸ ಕೆಲಸಾನೇ ತಾನೆ?" ಎಂದು ಅವನೇ ಆಸೆಯಿಂದ ಕೇಳಿದ.

"ಮತ್ತಿನ್ನೇನೋ? ನವರಾತ್ರಿ ಬರ್ಲಿ, ಒಳ್ಳೆ ದಿನ ನೋಡಿ ಹಾಕುವಿಯಂತೆ."

ಅಲ್ಲಿಯವರೆಗೆ ಚಾರ್ಟಿಗೆ ಬಣ್ಣ ತುಂಬುವುದು ನಡೆದೇ ಇತ್ತು. ಮಗ ದಿನಾ ಬೆಳಗ್ಗೆ ತಲೆ ಬಗ್ಗಿಸಿ ಕೂತದ್ದನ್ನು ಕಂಡು ಅಮ್ಮಣ್ಣಿಯವರ ಹೆತ್ತ ಕರುಳು ಕರಗಿತು. ಒಂದು ಗುರುವಾರ ರಾಯರ ಮಠಕ್ಕೆ ಹೋಗಿ ಬಂದವರೇ ನಡುಮನೆಯಲ್ಲಿ ನಿಂತು ಘೋಷಿಸಿದರು. "ನಿಂಗೆ ಸೀಟು ಸಿಗೋವರ್ಗೂ ನಾನು ಕಾಫಿ ಮುಟ್ಟಲ್ಲ! ಹರಕೆ ಹೊತ್ಕೊಂಡಿದ್ದೀನಿ!"

ಸೇತುರಾಮನ ಕೈಯಿಂದ ಹಸಿರು ಪೆನ್ನು ಜಾರಿತು. ಎದ್ದ ಕೂಡಲೇ ದೇವರಿಗಿಂತ ಮೊದಲು ಫಿಲ್ಟರಿಗೆ ಕೈಮುಗಿಯುವ ಹೆಂಗಸು ಅವನ ತಾಯಿ!

"ಅಮ್ಮಾ, ಹಾಗಲಕಾಯಿ ಬಿಡಬಾರ್ದಿತ್ತಾ?"

"ಇಷ್ಟ ಇಲ್ಲದ್ದು ಬಿಟ್ರೆ ಅದು ಹರಕೆ ಆಗುತ್ತೇನೋ, ದಡ್ಡ!"

"ಸೀಟು ಸಿಗೋದು ಮುಂದಿನ ವರ್ಷ ಅಮ್ಮಾ!"

"ಸಿಗ್ಲಿ. ರಾಯರಿದ್ದಾರೆ."

ರಾಯರಿದ್ದರು, ಆದರೆ ಮನೆಯಲ್ಲಿ ಶಾಂತಿ ಇರಲಿಲ್ಲ. ಕಾಫಿ ಇಲ್ಲದ ಅಮ್ಮಣ್ಣಿಯವರು ತಲೆಗೆ ಬಟ್ಟೆ ಬಿಗಿದುಕೊಂಡು ಹಾಲಿನವನನ್ನು ಬೈದರು, ಟೀವಿಯಲ್ಲಿ ವಾರ್ತೆ ಓದುವವಳನ್ನೂ ಬೈದರು. ಆಮೇಲೆ ಮಗನ ಓದಿಗೆ ತೊಂದರೆ ಎಂದು ಟೀವಿಯನ್ನೇ ಆರಿಸಿದರು. ಕುಕ್ಕರ್ ಕೂಗಿದರೆ ಏಕಾಗ್ರತೆ ಕೆಡುತ್ತದೆಂದು ವಿಷಲ್ ಬರುವ ಮೊದಲೇ ಒಲೆ ಆರಿಸತೊಡಗಿದರು. ಮನೆಮಂದಿಯೆಲ್ಲ ಬೇಳೆ ಬೇಯದ ಸಾರನ್ನು ಅಗಿದು ತಿಂದರು. ಒಂದೊಂದು ತ್ಯಾಗ ಕಂಡಾಗಲೂ ಸೇತುರಾಮ ಚಾರ್ಟಿಗೆ ಇನ್ನೊಂದು ಗೆರೆ ಎಳೆಯುತ್ತಿದ್ದ. ಇನ್ನೂ ಒಂದು ಪುಟವೂ ಓದಿಲ್ಲ ಎಂದು ಈಗ ಯಾವ ಬಾಯಲ್ಲಿ ಹೇಳುವುದು?

ಅಂತೂ ನವರಾತ್ರಿ ಬಂತು. ಬಂದದ್ದೇ, ಸರಸ್ವತಿ ಪೂಜೆಗೆಂದು ಗೈಡು ದೇವರ ಮುಂದೆ ಹೋಯಿತು! ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ, ಓದುವಂತಿಲ್ಲ, ಅರ್ಜಿಯೂ ಆಮೇಲೆಯೇ. ಸೇತುರಾಮ ಅಷ್ಟು ದಿನವೂ ಕಣ್ತುಂಬ ನಿದ್ದೆ ಮಾಡಿದ. ವಿಜಯದಶಮಿಯಂದು ಕುಂಕುಮ ಮೆತ್ತಿದ ಗೈಡನ್ನು ತೆರೆದು, ಅಮ್ಮ ಅಕ್ಷತೆ ಹಾಕುತ್ತಿದ್ದಂತೆ ತೊಟ್ಟಿಯ ಲೆಕ್ಕವನ್ನು ಸ್ತೋತ್ರದ ಹಾಗೆ ಗಟ್ಟಿಯಾಗಿ ಓದಿ, ಕೈಮುಗಿದು ಮುಚ್ಚಿಟ್ಟ.

ಮರುದಿನ ಆಫೀಸಿನಲ್ಲಿ ಆಶ್ರಿತ್ ಅವನ ಟೇಬಲ್ಲಿಗೇ ಬಂದ. "ಸಾರ್, ಎಂಟ್ರೆನ್ಸ್ ಬರೀತಿದ್ದೀರಂತೆ, ಸಖತ್! ಸೆಂಟರ್ ಯಾವ ಊರು ಹಾಕಿದ್ದೀರಿ?"

"ಇವತ್ತು ದಿನ ಚೆನ್ನಾಗಿದೆ. ಸಂಜೆ ಅರ್ಜಿ ಹಾಕೋಣ ಅಂತ."

ಆಶ್ರಿತನ ನಗು ಅರ್ಧದಲ್ಲೇ ನಿಂತಿತು. "ಸಾರ್... ಅದು ಹೋದ ತಿಂಗಳೇ ಕ್ಲೋಸ್ ಆಯ್ತಲ್ಲ!"

ನಿಜ ಹೇಳಬೇಕೆಂದರೆ, ಸೇತುರಾಮನಿಗೆ ಮೊದಲು ಆದದ್ದು ಸಂತೋಷ. ಬಚಾವಾದೆ! ತೊಟ್ಟಿ ತುಂಬಿದರೆಷ್ಟು, ಬಿಟ್ಟರೆಷ್ಟು! ಮರುಕ್ಷಣ ತಲೆಗೆ ಬಟ್ಟೆ ಬಿಗಿದ ಅಮ್ಮನ ಮುಖ ಕಣ್ಣ ಮುಂದೆ ಬಂತು. ಅರ್ಜಿಯೇ ಇಲ್ಲದ ಮೇಲೆ ಸೀಟೆಲ್ಲಿ, ಸೀಟಿಲ್ಲದ ಮೇಲೆ ಕಾಫಿಯೆಲ್ಲಿ? ಹರಕೆ ಮುರಿಯುವ ಜಾತಿಯಲ್ಲ ಆಕೆ! ಸಂಜೆ ಬಸ್ಸಿಳಿದವನು ಮನೆಯ ರಸ್ತೆಗೆ ತಿರುಗಲು ಧೈರ್ಯ ಸಾಲದೆ ಪಾರ್ಕಿಗೆ ಸುತ್ತು ಹಾಕಿದ. ಕಾಲು ನೋಯುವವರೆಗೂ ಹಾಕಿದ.

ಬಾಗಿಲಲ್ಲೇ ಅಮ್ಮಣ್ಣಿಯವರು ಜೀರಿಗೆ ಕಷಾಯದ ಲೋಟ ಹಿಡಿದು ಕೂತಿದ್ದರು. "ಮುಖ ಯಾಕೋ ಇಷ್ಟು ಬಾಡಿದೆ? ಓದಿ ಓದಿ ಸೊರಗಿಹೋದೆಯಲ್ಲೋ ಮಗನೆ" ಎಂದು ಅವನ ತಲೆ ಸವರಿದರು. ಸೇತುರಾಮ ನಾಚಿಕೆಯಿಂದ ಸೀದಾ ಅಡಿಗೆಮನೆಗೆ ನುಗ್ಗಿದ.

"ಹೇಮಾ, ಕೆಟ್ಟೆ ಕಣೇ! ಅರ್ಜಿ ಹಾಕೋ ಕೊನೇ ದಿನ ಮುಗ್ದೇಹೋಗಿದೆ! ಅಮ್ಮಂಗೆ ನೀನೇ ಹೇಳ್ಬಿಡು. ನಾನು ಎರಡು ದಿನ ತಲಘಟ್ಟಪುರದಲ್ಲಿ ಚಿಕ್ಕಪ್ಪನ ಮನೇಲಿರ್ತೀನಿ."

ಹೇಮಶ್ರೀ ಒಗ್ಗರಣೆಯಿಂದ ಕಣ್ಣು ತೆಗೆಯಲಿಲ್ಲ. "ಎಲ್ಲೂ ಹೋಗ್ಬೇಡಿ. ನಿಮ್ಮ ಅರ್ಜಿ ನಾನು ಹಾಕಿ ಆಯ್ತು."

"ಆಂ! ಯಾವಾಗ?"

"ಪಿತೃಪಕ್ಷದಲ್ಲೇ. ಅತ್ತೆಗೆ ಹೇಳ್ಬೇಡಿ. ನೀವು ಬಣ್ಣ ಹಚ್ತಾ ಕೂತಿದ್ರಲ್ಲ, ಪಕ್ಕದಲ್ಲೇ ಕೂತು ನಿಮ್ಮ ಫೋನಲ್ಲೇ ಹಾಕ್ದೆ."

ಹಾಗಾದರೆ ಬರೆಯಲೇಬೇಕು! ತೊಟ್ಟಿ, ನಲ್ಲಿ, ಮೇಷ್ಟ್ರು ಎಲ್ಲ ಒಟ್ಟಿಗೆ ಸೇತುರಾಮನ ಮೈಮೇಲೆ ಬಂದಂತಾಯಿತು. ಪಾರಾಗಲು ಏನಾದರೊಂದು ಸಂದು ಸಿಕ್ಕೀತೇ ಎಂದು ತಡಕಾಡಿದ. "ಫೋಟೋ? ಫೋಟೋ ಯಾವ್ದು ಹಾಕ್ದೆ?"

"ನಮ್ಮ ಮದುವೇದು. ತಾಳಿ ಕಟ್ಟೋ ಹೊತ್ತಿಂದು. ಪೇಟ, ಬಾಸಿಂಗ ಕಟ್ ಮಾಡ್ದೆ."

"ಅಯ್ಯೋ! ಅದು ಎಷ್ಟು ಹಳೇದು ಕಣೇ! ಪರೀಕ್ಷೆ ದಿನ ಮುಖ ಹೊಂದದಿದ್ರೆ ಒಳಗೇ ಬಿಡಲ್ಲ!"

ಹೇಮಶ್ರೀ ಆಗ ತಿರುಗಿದಳು. ಬೆವೆತ ಹಣೆ, ಒಣಗಿದ ತುಟಿ, ಓಡಲು ದಾರಿ ಹುಡುಕುತ್ತಿದ್ದ ಕಣ್ಣು, ಎಲ್ಲವನ್ನೂ ಸಾವಕಾಶವಾಗಿ ನೋಡಿದಳು.

"ಹೊಂದುತ್ತೆ ಬಿಡಿ. ಅವತ್ತೂ ಇದೇ ಮುಖ!"