ಹೀರಪ್ಪನ ಹೊಲದಲ್ಲಿ ಡೈನೋಸಾರ್

ಡೈನೋಸಾರ್‌ಗಳ ಮೇಲಿನ ಆ ಸಾಕ್ಷ್ಯಚಿತ್ರ ಸರಣಿಯನ್ನು ಹೀರಪ್ಪ ನೋಡಲೇಬಾರದಿತ್ತು. ಮೊದಲೇ ಪುಕ್ಕಲು ಮನುಷ್ಯ, ಮನೆಯ ಕೋಳಿ ರೆಕ್ಕೆ ಬಡಿದರೂ ಎದೆ ಹಿಡಿದುಕೊಳ್ಳುವವನು. ಮುಂಡಗೋಡದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಪಕ್ಕದ ಮನೆಯ ಉದಯಕುಮಾರ ಎಲ್ಲ ಕಂತುಗಳನ್ನೂ ಅವನ ಫೋನಿಗೆ ತುಂಬಿ ಕೊಟ್ಟಿದ್ದ. ಹೀರಪ್ಪ ಕಂಬಳಿ ಹೊದ್ದು, ಒಂದೇ ಕಣ್ಣಿನಲ್ಲಿ ಅಷ್ಟನ್ನೂ ನೋಡಿ ಮುಗಿಸಿದ್ದ.

ಈಗ ಸನವಳ್ಳಿಯ ಕಾಡಂಚಿನ ಗೋವಿನಜೋಳದ ಹೊಲದಲ್ಲಿ, ಅಟ್ಟಣಿಗೆಯ ಮೇಲೆ ಒಬ್ಬನೇ ಕೂತು ಮಂಗ ಕಾಯಬೇಕಿತ್ತು. ನಾಳೆ ಕಟಾವು. ಹೋದ ವರ್ಷ ಕಟಾವಿನ ಹಿಂದಿನ ದಿನವೇ ಪೊದೆಯಲ್ಲಿ ಏನೋ ಸರಿದಾಡಿತೆಂದು ಇವನು ಓಡಿಬಂದು, ಅರ್ಧ ಬೆಳೆ ಮಂಗಗಳ ಪಾಲಾಗಿತ್ತು.

"ಈ ಸಲಾ ಹೊಲಾ ಬಿಟ್ಟು ಓಡಿ ಬಂದ್ರ ಬಾಗಲಾ ತೆಗ್ಯಾಂಗಿಲ್ಲ ನೋಡ್ರಿ," ಎಂದಳು ಹೆಂಡತಿ ಧರ್ಮಿಬಾಯಿ. ಆಕೆ ಆಡಿದ್ದನ್ನು ಮಾಡುವವಳು.

ಹೀರಪ್ಪ ಉದಯಕುಮಾರನ ಹತ್ತಿರ ಗೋಳು ತೋಡಿಕೊಂಡ. "ಅದ್ರಾಗ ಡೈನೋಸಾರ ಮರಿ ಒದರ್ತೈತಲ್ಲ, ಅದು ಕಿವ್ಯಾಗ ಕುಂತುಬಿಟ್ಟೈತಿ."

ಯಾವುದನ್ನೇ ಆಗಲಿ, ಅದರ ಗುಣದೋಷ ಹೇಳದಿದ್ದರೆ ಉದಯಕುಮಾರನಿಗೆ ಉಂಡದ್ದು ಕರಗುತ್ತಿರಲಿಲ್ಲ. "ಆ ಸರಣಿ ಗುಣ ಅಂದ್ರ ಚಿತ್ರ. ತೊಗಲಿನ ಸುಕ್ಕು ಸೈತ ಕಾಣ್ತಾವು. ದೋಷ ಅಂದ್ರ ಧ್ವನಿ. ಕೋಟಿಗಟ್ಟಲೆ ವರ್ಷದ ಹಿಂದಿನ ಪ್ರಾಣಿ ಹೆಂಗ ಒದರ್ತಿತ್ತು ಅಂತ ಯಾರು ಕೇಳ್ಯಾರ? ಈಗಿನ ಯಾವ್ದೋ ಪ್ರಾಣಿ ಕೂಗು ತಂದು ಹಚ್ಚಿರ್ತಾರ. ಅದಕ್ಯಾರು ಹೆದರ್ತಾರ?"

"ನಾ ಹೆದರೀನಲ್ಲ."

"ಹಂಗಾರ ಮಂಗ್ಯಾನೂ ಹೆದರ್ತಾವ, ತಗೋ."

ಅವನೇ ಬಂದು, ಅಟ್ಟಣಿಗೆಯ ಬುಡಕ್ಕೆ ದೊಡ್ಡ ಸ್ಪೀಕರ್ ಬಿಗಿದು, ಮರಿಯ ಕೂಗೊಂದೇ ಮತ್ತೆ ಮತ್ತೆ ಬರುವ ಹಾಗೆ ಮೆಮೊರಿ ಕಾರ್ಡ್ ಹಾಕಿ ಅಂಗಡಿಗೆ ಹೋದ.

ಮೊದಲ ಕೂಗಿಗೇ ಮಂಗಗಳು ಮರ ಬಿಟ್ಟು ಪರಾರಿಯಾದವು. ಎರಡನೆಯದಕ್ಕೆ ಸೌದೆ ಹೊತ್ತು ಬರುತ್ತಿದ್ದ ಕೆಂಚವ್ವ ಹೊರೆ ಎಸೆದು ಊರಿಗೆ ಓಡಿ, ಬಡಿಗೆ ಹಿಡಿದ ಗಂಡಸರನ್ನು ಕರೆತಂದಳು.

"ಹೀರಪ್ಪನ್ನ ಯಾವ್ದೋ ತಿನ್ನಾಕತ್ತೈತ್ರಿ. ನನ್ನ ಕಿವೀಲೆ ಕೇಳೀನಿ, ಅವನ ಧ್ವನಿನ ಅದು."

"ನಾ ಇಲ್ಲೇ ಅದೇನಿ," ಎಂದ ಹೀರಪ್ಪ ಮೇಲಿನಿಂದ. ಅಷ್ಟರಲ್ಲಿ ಕೆಳಗಿನಿಂದ ಮತ್ತೊಂದು ಕೂಗು ಎದ್ದಿತು. ಬಡಿಗೆಗಳು ಅಲ್ಲೇ ಉಳಿದವು, ಗಂಡಸರು ಉಳಿಯಲಿಲ್ಲ.

ಹೀರಪ್ಪನಿಗೂ ಅವರ ಹಿಂದೆಯೇ ಓಡುವ ಆಸೆ. ಸ್ಪೀಕರ್ ಎಂದು ಗೊತ್ತಿದ್ದೂ ಪ್ರತಿ ಕೂಗಿಗೂ ಮೈ ಜುಮ್ಮೆನ್ನುತ್ತಿತ್ತು. ಆದರೆ ಧರ್ಮಿಬಾಯಿಯ ಮುಚ್ಚಿದ ಬಾಗಿಲು ಕಣ್ಣಿಗೆ ಕಟ್ಟಿ, ಕಿವಿಗೆ ಟವೆಲ್ ಸುತ್ತಿಕೊಂಡು ಕೂತ.

ಹೊತ್ತು ಇಳಿಯುವಾಗ ಸ್ಪೀಕರ್ ಕೂಗಿತು. ಕಾಡಿನೊಳಗಿಂದ ಉತ್ತರ ಬಂತು.

ಮೊದಲು ಪ್ರತಿಧ್ವನಿ ಎಂದುಕೊಂಡ. ಆಮೇಲೆ ಬಿದಿರು ಲಟಲಟನೆ ಮುರಿಯತೊಡಗಿತು. ಕಿವಿಯ ಟವೆಲ್ ಸರಿಸಿ ಫೋನ್ ಹಚ್ಚಿದ.

"ಉದಯಾ, ಅದು ಕಾಡಿನಿಂದ ಓ ಅನ್ನಾಕತ್ತೈತಿ."

"ಹುಚ್ಚಾ, ಡೈನೋಸಾರ ಸತ್ತು ಕೋಟಿ ಕೋಟಿ ವರ್ಷ ಆತು."

"ಮತ್ತ ಆ ಮರೀಗೆ ಯಾವ ಪ್ರಾಣಿ ಕೂಗು ಹಚ್ಯಾರ?"

"ತಡಿ, ಕೊನೀ ಕಂತಿನ್ಯಾಗ ಹೇಳ್ಯಾರ, ನೋಡ್ತೇನಿ." ಕಂತು ಹಾಕಿ ನೋಡಿದ ಉದಯಕುಮಾರನ ದನಿ ತಗ್ಗಿತು. "ತಾಯಿ ತಪ್ಪಿಸಿಕೊಂಡ ಆನಿ ಮರೀದಂತ."

ತಾಯಿ ಆಗಲೇ ಅಟ್ಟಣಿಗೆಯ ಬುಡದಲ್ಲಿ ನಿಂತು ಸ್ಪೀಕರನ್ನು ಸೊಂಡಿಲಿನಿಂದ ಸವರುತ್ತಿತ್ತು. ಹಿಂದೆ ಬಳಗವೆಲ್ಲ ಬಂದಿತ್ತು.

"ಬಂದ್ ಹೆಂಗ ಮಾಡೂದು?" ಹೀರಪ್ಪ ಉಸಿರಿನಲ್ಲೇ ಕೇಳಿದ.

"ಸ್ಪೀಕರಿನ ಬೆನ್ನಿಗೆ ಸ್ವಿಚ್ ಐತಿ. ಇಳದು ಒತ್ತು."

ಹೀರಪ್ಪ ಇಳಿಯಲಿಲ್ಲ. ತಾಯಿ ಸ್ಪೀಕರಿನೊಳಗಿನ ಮರಿಯನ್ನು ಬಿಟ್ಟು ಕದಲಲಿಲ್ಲ. ತಾಯಿ ಹೊರಡುವ ತನಕ ಸುಮ್ಮನೆ ನಿಲ್ಲುವುದೇಕೆಂದು ಬಳಗ ಹೊಲದೊಳಗೆ ಹರಡಿಕೊಂಡಿತು. ಆಗ ಫೋನ್ ಗುನುಗಿತು. ಧರ್ಮಿಬಾಯಿ.

"ಮಂಗ್ಯಾ ಬಂದಾವೇನು?"

"ಒಂದೂ ಬಂದಿಲ್ಲ."

"ಓಡಿಗೀಡಿ ಹೋಗಿಲ್ಲಲ್ಲ?"

"ಇಲ್ಲ. ಅಟ್ಟಣಿಗಿ ಮ್ಯಾಲೇ ಅದೇನಿ."

"ಈಗ ಗಂಡಸಾದ್ರಿ ನೋಡ್ರಿ," ಎಂದಳು ಸಂತೋಷದಿಂದ. "ಅದೇನದು, ಲಟಲಟ ಸಪ್ಪಳಾ?"

ಹೀರಪ್ಪ ಹೊಲದ ಕಡೆ ನೋಡಿ ಕಣ್ಣು ಮುಚ್ಚಿಕೊಂಡ.

"ಕಟಾವು," ಎಂದ. "ಇವತ್ತೇ ಸುರುವಾತು."