ಚಿಕ್ಕಮ್ಮನ ಬೆನ್ನ ಮೇಲಿನ ಪರೀಕ್ಷೆ

ನಾನು ಮಾತಾಡೋದು ಕಮ್ಮಿ. ಮೂಲೇಲಿ ಪುಸ್ತಕ ಹಿಡ್ಕೊಂಡು ಕೂತ್ರೂ ನಮ್ಮನೇಲಿ ನಗು ಬರೋ ಥರದ್ದು ಏನಾದ್ರೂ ಆಗ್ತಾನೇ ಇರುತ್ತೆ, ಪುಟ ಮಾತ್ರ ಮುಂದೆ ಹೋಗಲ್ಲ. ಇದನ್ನಂತೂ ಯಾರಿಗಾದ್ರೂ ಹೇಳ್ಲೇಬೇಕು ಅನ್ನಿಸ್ತು.

ಚಿಕ್ಕಮ್ಮ ರಿಪ್ಪನ್‌ಪೇಟೇಲಿ ಬ್ಯೂಟಿ ಪಾರ್ಲರ್ ಇಟ್ಕೊಂಡಿದಾರೆ. ಅವರ ಕೈಯೆಲ್ಲ ಕೆಂಪಾಗಿ ಒಂದೇ ಸಮನೆ ತುರಿಕೆ. ಹೇರ್ ಡೈ ಅಲರ್ಜಿ ಇರ್ಬಹುದು, ಹಾಗಿದ್ರೆ ಇನ್ನು ಡೈ ಮುಟ್ಟೋ ಹಾಗಿಲ್ಲ ಅಂದ್ರು ಸಾಗರದ ಚರ್ಮದ ಡಾಕ್ಟ್ರು. ಪಾರ್ಲರಿಗೆ ಮುಕ್ಕಾಲು ಜನ ಬರೋದೇ ಡೈಗೆ. ಚಿಕ್ಕಮ್ಮಂಗೆ ಅವತ್ತು ಊಟ ಸೇರ್ಲಿಲ್ಲ.

೧. ಚೀಲ

ಕೈಗೆ ತಾಗೋದನ್ನೆಲ್ಲ ತಗೊಂಡು ಬನ್ನಿ, ಚೂರುಚೂರು ಬೆನ್ನಿಗೆ ಅಂಟಿಸಿ ಯಾವುದಕ್ಕೆ ಕೆಂಪಾಗುತ್ತೆ ನೋಡೋಣ ಅಂದಿದ್ರು ಡಾಕ್ಟ್ರು. ಚಿಕ್ಕಮ್ಮ ಡೈ, ಶಾಂಪೂ, ಕ್ರೀಮು, ಪಾತ್ರೆ ಸೋಪು ತುಂಬ್ಕೊಂಡ್ರು. ಅವರ ಅತ್ತೆ, ಅಂದ್ರೆ ನಮ್ಮಜ್ಜಿ, ತುರಿಕೆಗೆ ಅಂತ ತಾವೇ ಸೊಪ್ಪು ಕುದಿಸಿ ಮಾಡಿದ ಎಣ್ಣೆನೂ ತುರುಕಿದ್ರು. ಚಿಕ್ಕಮ್ಮ ದಿನಾ ಹಚ್ಕೊಳ್ತಿದ್ದಿದ್ದು ಅದನ್ನೇ. ಜೊತೆಗೊಂದು ಬಾಟ್ಲಿ ಮಿಡಿ ಉಪ್ಪಿನಕಾಯಿ. ಕಲಸೋದು ಇವಳ ಕೈಯೇ ಅಲ್ವಾ ಅಂದ್ರು.

ಡಾಕ್ಟ್ರು ಎಲ್ಲಾನೂ ಸಾಲಾಗಿ ಇಟ್ಟು, ಉಪ್ಪಿನಕಾಯಿ ಮುಚ್ಚಳ ತೆಗೆದು ಮೂಸಿದ್ರು. ಇದು ಬೆನ್ನಿಗೆ ಬೇಡ ಅಂತ ತಮ್ಮ ಊಟದ ಡಬ್ಬಿ ಪಕ್ಕ ಇಟ್ಕೊಂಡ್ರು.

೨. ಬಸ್ಸು

ಉಳಿದಿದ್ದನ್ನೆಲ್ಲ ಚೂರುಚೂರು ಪಟ್ಟಿಗೆ ಹಾಕಿ ಬೆನ್ನಿಗೆ ಅಂಟಿಸಿದ ಡಾಕ್ಟ್ರು, ಎರಡು ದಿನ ನೀರು ತಾಗಬಾರ್ದು, ಒರಗಬಾರ್ದು ಅಂದಿದ್ರು. ವಾಪಸ್ ಬರುವಾಗ ಚಿಕ್ಕಮ್ಮ ಸೀಟಿನ ತುದೀಲಿ ಕಂಬದ ಥರ ನೆಟ್ಟಗೆ ಕೂತಿದ್ರು. ಪಕ್ಕದ ಹೆಂಗಸು ಹಿಂದೆ ತಿರುಗಿ, ಇವರು ಯೋಗ ಟೀಚರಾ ಅಂತ ಹಿಂದಿನ ಸೀಟಲ್ಲಿದ್ದ ನನ್ನ ಹತ್ರ ಪಿಸುಮಾತಲ್ಲಿ ಕೇಳಿದ್ರು. ವಿವರಿಸೋಕೆ ನಾಚಿಕೆ ಆಗಿ ಹೂಂ ಅಂತ ತಲೆ ಆಡಿಸ್ಬಿಟ್ಟೆ. ಆ ಹೆಂಗಸೂ ದಾರಿ ಉದ್ದಕ್ಕೂ ನೆಟ್ಟಗೇ ಕೂತ್ರು.

ಇಳಿಯುವಾಗ ಚಿಕ್ಕಮ್ಮನ ಕೈ ಹಿಡ್ಕೊಂಡು, "ನನ್ನ ಸೊಂಟನೋವು ಎಷ್ಟೋ ವಾಸಿ ಟೀಚರ್ರೆ" ಅಂದ್ರು.

೩. ಕೆಂಪಾಗಿದ್ದು

ಪಟ್ಟಿ ಕಿತ್ತ ಮೇಲೂ ಡಾಕ್ಟ್ರು ಇನ್ನೊಂದ್ಸಲ ಬರೋಕೆ ಹೇಳಿದ್ರು. ಆ ಕೊನೇ ಸಲ ಚಿಕ್ಕಮ್ಮ ಡಾಕ್ಟ್ರಿಗೆ ಬೆನ್ನು ಕೊಟ್ಟು ಕೂತು ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡ್ರು.

"ಡೈ ಹಾಕಿದ್ದ ಜಾಗ ಎಂತಾಗಿದೆ, ನೋಡಿ ಹೇಳೇ ಪುಟ್ಟಿ."

ಡೈ ಜಾಗದಲ್ಲಿ ಏನೂ ಇರ್ಲಿಲ್ಲ. ಶಾಂಪೂ, ಸೋಪಿನ ಜಾಗದಲ್ಲೂ ಇಲ್ಲ. ಕೊನೇದೊಂದೇ ಕೆಂಪಗೆ ಗುಳ್ಳೆ ಎದ್ದಿತ್ತು. ಅದು ಅಜ್ಜಿ ಎಣ್ಣೆ. ನೀರಲ್ಲಿ ಕೆಲಸ ಮಾಡಿ ಕೈ ಒಣಗಿ ಬಿರಿದಿತ್ತು, ಅದನ್ನ ಇಷ್ಟು ಕೆಡಿಸಿದ್ದು ಈ ಎಣ್ಣೆ, ಗ್ಲೌಸ್ ಹಾಕ್ಕೊಂಡು ಪಾರ್ಲರ್ ನಡೆಸಿ ಅಂದ್ರು ಡಾಕ್ಟ್ರು. ಚಿಕ್ಕಮ್ಮ ನಗ್ತಾ ನಗ್ತಾ ಸೆರಗಲ್ಲಿ ಕಣ್ಣು ಒರೆಸ್ಕೊಂಡ್ರು.

ಆದ್ರೆ ಅಜ್ಜಿಗೆ ಹೇಳೋರು ಯಾರು? ಪಾಪ, ಎಷ್ಟು ಪ್ರೀತಿಯಿಂದ ಮಾಡಿಕೊಟ್ಟಿದ್ರು. ಮನೆಗೆ ಬಂದ ಮೇಲೆ ಚಿಕ್ಕಮ್ಮ ನನ್ನ ಮುಂದಕ್ಕೆ ದೂಡಿದ್ರು. ನಾನು ನೆಲ ನೋಡ್ಕೊಂಡು, ಬೇರೆ ಯಾವುದಕ್ಕೂ ಏನೂ ಆಗಿಲ್ಲ ಅಜ್ಜಿ, ನಿಮ್ಮ ಎಣ್ಣೆ ಜಾಗ ಮಾತ್ರ ಕೆಂಪಾಗಿದೆ ಅಂದೆ.

ಅಜ್ಜಿ ಸೊಸೆ ಕಡೆ ತಿರುಗಿದ್ರು.

"ಕಂಡ್ಯಾ ಮಾರಾಯ್ತಿ, ಪೇಟೆ ಸಾಮಾನು ಒಂದಕ್ಕೂ ಸತ್ವ ಇಲ್ಲ. ಕೆಲಸ ಮಾಡಿದ್ದು ನನ್ನ ಎಣ್ಣೆ ಒಂದೇ."